ಅರ್ಧ ಎಂಬಿಯಲ್ಲಿ ಹಿಡಿಯದ ಕಾಕಡಾ ಮಲ್ಲಿಗೆ

ನಮ್ಮ ಮನೆಯಲ್ಲಿ ಇನ್ನಾರಿಗೂ ಬಾರದ ಒಂದು ವಿದ್ಯೆ ನನಗೆ ಬರುತ್ತದೆ. ದೊಡ್ಡ ಫೋಟೋವನ್ನು ಸಣ್ಣದು ಮಾಡುವುದು. ನಗು ಬಂದರೆ ನಕ್ಕುಬಿಡಿ, ಆಮೇಲೆ ಮುಂದೆ ಓದಿ. ಹೋಳಿಗೆ ಮಾಡಲು ಬರುವವರು ನಮ್ಮ ಓಣಿಯಲ್ಲಿ ಮನೆಗೊಬ್ಬರಿದ್ದಾರೆ, ಕುಪ್ಪಸ ಹೊಲಿಯುವವರಿದ್ದಾರೆ, ಹಾಡು ಹೇಳುವವರ ಬಗ್ಗೆಯಂತೂ ಕೇಳಲೇಬೇಡಿ. ಆದರೆ ಐದು ಎಂಬಿಯ ಫೋಟೋವನ್ನು, ಅದರ ಮೂಗು ಚಪ್ಪಟೆಯಾಗದಂತೆ, ಅರ್ಧ ಎಂಬಿಯೊಳಗೆ ಕೂಡಿಸಿ ಕೊಡಬೇಕೆಂದರೆ ದೇಶಪಾಂಡೆ ನಗರದ ನಮ್ಮ ಸಾಲಿನವರೆಲ್ಲ ನಮ್ಮ ಗೇಟಿನ ಕಡೆಗೇ ಕೈ ತೋರಿಸುತ್ತಾರೆ. ಪರೀಕ್ಷೆಯ ಅರ್ಜಿ ತುಂಬುವ ಕಾಲ ಬಂತೆಂದರೆ ಹುಡುಗಿಯರು ಮೊಬೈಲು ಹಿಡಿದುಕೊಂಡು ಬರುತ್ತಾರೆ. ಅವರ ಮುಖ ಸಣ್ಣದು ಮಾಡಿ, ಸಹಿ ಸಣ್ಣದು ಮಾಡಿ, ಚಹಾ ಕುಡಿಸಿ ಕಳಿಸುತ್ತೇನೆ. ನಮ್ಮವರು ಪಡಸಾಲೆಯಲ್ಲಿ ಪೇಪರಿನ ಹಿಂದಿನಿಂದ, "ಮಂದಿ ಎಲ್ಲಾ ಹುಡುಗೂರನ್ನ ದೊಡ್ಡವ್ರನ್ನ ಮಾಡ್ತಾರ, ನಮ್ಮಾಕಿ ಸಣ್ಣವ್ರನ್ನ ಮಾಡಿ ಕಳಸ್ತಾಳ" ಎನ್ನುತ್ತಾರೆ. ಪೇಪರು ಕೆಳಗಿಳಿಯುವುದಿಲ್ಲ, ಮಾತು ಮಾತ್ರ ಮೇಲಿನಿಂದ ದಾಟಿ ಬರುತ್ತದೆ.

ಫೋಟೋಕ್ಕೂ ತೂಕವಿರುತ್ತದೆ ಎಂಬುದು ಮೊದಲು ನನಗೂ ಗೊತ್ತಿರಲಿಲ್ಲ. ನಾನು ಸಾಲೆಗೆ ಹೋಗುವಾಗ ಫೋಟೋ ಎಂದರೆ ಸ್ಟುಡಿಯೋದವರು ಕೇಳುವ ಒಂದೇ ಪ್ರಶ್ನೆ, "ಯಾವ ಸೈಜಿಂದ್ರಿ?" ಸಣ್ಣದು ಸಾಲೆಗೆ. ಮಧ್ಯದ್ದು ಗಂಡಿನ ಕಡೆಯವರಿಗೆ ಕಳಿಸಲು. ದೊಡ್ಡದು, ಚೌಕಟ್ಟು ಕಟ್ಟಿಸಿ ಗೋಡೆಗೆ ಹಾಕುವುದು, ತೀರಿಹೋದವರಿಗೆ ಮಾತ್ರ. ಬದುಕಿದ್ದವರು ಅಷ್ಟು ದೊಡ್ಡದಾಗಿ ಗೋಡೆಯ ಮೇಲೆ ಕೂಡುವುದು ಸೊಕ್ಕೆಂದು ಕೆಲವರು, ಅಪಶಕುನವೆಂದು ಕೆಲವರು ತಿಳಿದಿದ್ದರು. ಈಗಿನ ಮೊಬೈಲಿಗೆ ಈ ಮರ್ಯಾದೆಯೆಲ್ಲ ಗೊತ್ತಿಲ್ಲ. ಅದು ಯಾರನ್ನು ತೆಗೆದರೂ ಗೋಡೆಯ ಸೈಜಿನಲ್ಲೇ ತೆಗೆಯುತ್ತದೆ. ಸಂತೆಯಿಂದ ತಂದ ಮುಳಗಾಯಿಯ ಫೋಟೋ ತೆಗೆದರೂ, ಹಾರ ಹಾಕಿ ಊದಿನಕಡ್ಡಿ ಹಚ್ಚುವಷ್ಟು ದೊಡ್ಡದು.

ಈ ವಿದ್ಯೆಯನ್ನು ನನಗೆ ಕಲಿಸಿದ್ದು ಒಂದು ಕಾಕಡಾ ಮಲ್ಲಿಗೆಯ ಗಿಡ.

ಧಾರವಾಡದಲ್ಲಿ ಅವ್ವನ ಮನೆಯ ಗೇಟಿನ ಪಕ್ಕಕ್ಕೆ ಕಾಕಡಾದ ದೊಡ್ಡ ಪೊದೆಯಿತ್ತು. ಕಾಕಡಾಕ್ಕೆ ವಾಸನೆ ಅಷ್ಟಕ್ಕಷ್ಟೇ. ದುಂಡುಮಲ್ಲಿಗೆಯ ಮುಂದೆ ಅದು ಬಡವರ ಮನೆಯ ಹೆಣ್ಣು. ಆದರೆ ಬಿಟ್ಟರೆ ಎಲೆ ಕಾಣದಂತೆ ಬಿಡುತ್ತದೆ, ಬುಟ್ಟಿ ತುಂಬಿ ಕೊಡುತ್ತದೆ. ಇನ್ನೊಂದು ಮಾತು, ಫೋಟೋದಲ್ಲಿ ಏನನ್ನೂ ಕಳೆದುಕೊಳ್ಳದ ಮಲ್ಲಿಗೆಯೆಂದರೆ ಅದೊಂದೇ. ಅವ್ವ ಆ ಮನೆ ಬಿಟ್ಟು ನನ್ನ ತಮ್ಮನ ಜೊತೆ ಅಪಾರ್ಟಮೆಂಟಿಗೆ ಹೋದಳು. ಮನೆ ಕೊಂಡವರು ಕಾರು ನಿಲ್ಲಿಸಲು ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದರು. ಅದಕ್ಕೆ ಮೊದಲೇ ಅವ್ವ ಒಂದು ಟೊಂಗೆ ಕತ್ತರಿಸಿ, ಬೇರು ಬರಿಸಿ, ಪಾಟಿನಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ಹುಬ್ಬಳ್ಳಿಗೆ ತಂದಿದ್ದಳು. "ಇನ್ನ ಇದೊಂದ ಉಳದೈತಿ ನೋಡ ಶೈಲಾ. ನಿನ್ನ ಕೈಯಾಗ ಕೊಟ್ಟೇನಿ" ಎಂದು ನನ್ನ ಕೈಗಿತ್ತು, ನೀರನ್ನೂ ಕುಡಿಯದೆ ಮೊದಲು ಅದಕ್ಕೆ ನೀರು ಹಾಕಿದಳು. ಅಂದಿನಿಂದ ಸಂಜೆ ಫೋನು ಮಾಡಿದರೆ ಮೊದಲ ಪ್ರಶ್ನೆ ನನ್ನ ಬಗ್ಗೆಯಲ್ಲ, ಅಳಿಯನ ಬಗ್ಗೆಯೂ ಅಲ್ಲ. "ಹೂ ಬಿಟ್ಟಾವೇನ?"

ಬಿಡುತ್ತಿದ್ದವು. ಮಾಳಿಗೆಯ ಮೇಲೆ ಇದ್ದಷ್ಟು ದಿನ ಚೆನ್ನಾಗಿಯೇ ಬಿಟ್ಟವು. ಹೋದ ವರ್ಷ ಬೇಸಿಗೆಯಲ್ಲಿ ಮಾಳಿಗೆ ಹಂಚಿನಂತೆ ಕಾಯತೊಡಗಿದಾಗ ಪಾಟನ್ನು ಕೆಳಗೆ ಹಿತ್ತಲಿಗೆ ತಂದೆ. ಅಲ್ಲಿ ತಗಡಿನ ಚಪ್ಪರದ ಅಂಚಿನಲ್ಲಿ, ಒಗೆಯುವ ಕಲ್ಲಿನ ಪಕ್ಕ ನೆರಳಿತ್ತು. ಅತ್ತೆಯವರಿಗೂ ಖುಷಿಯಾಯಿತು. ಅವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. "ಛಲೋ ಆತು ಬಿಡ, ಇನ್ನ ನನಗೂ ಕಣ್ಣಿಗೆ ಕಾಣತೈತಿ" ಎಂದರು. ಮುಂಗಾರು ಕೂಡುವ ಹೊತ್ತಿಗೆ ಗಿಡ ಸೊರಗತೊಡಗಿತ್ತು. ಎಲೆಯ ತುದಿ ಕಂದು, ಆಮೇಲೆ ಅಂಚು ಕಂದು, ಆಮೇಲೆ ಎಲೆಯೇ ಕೆಳಗೆ. ಸಗಣಿ ಗೊಬ್ಬರ ಹಾಕಿದೆ, ಬೇವಿನ ಎಣ್ಣೆ ಸಿಂಪಡಿಸಿದೆ, ಯಾರಾದರೂ ದೃಷ್ಟಿ ಹಾಕಿದರೇನೋ ಎಂದು, ಕಾನ್ವೆಂಟಿನಲ್ಲಿ ಓದಿದ್ದನ್ನು ಆ ಹೊತ್ತಿಗೆ ಮರೆತು, ಕೆಂಪು ಮೆಣಸಿನಕಾಯಿಯನ್ನೂ ನಿವಾಳಿಸಿದೆ. ಏನೂ ಆಗಲಿಲ್ಲ. ಸಂಜೆ ಫೋನು ಬರುವುದು ಮಾತ್ರ ತಪ್ಪಲಿಲ್ಲ.

ಆಗ ಸಿಕ್ಕದ್ದು ಮನೆಗಿಡ ಬೆಳೆಸುವವರ ಒಂದು ಕನ್ನಡ ಫೋರಂ. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಒಬ್ಬರು ಬೇರು, ಒಬ್ಬರು ಬೂದುಗುಂಬಳ. ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುವ ಮೇಲ್ವಿಚಾರಕರ ಹೆಸರು ಎರೆಹುಳು. ಗಂಡಸೋ ಹೆಂಗಸೋ ಇಂದಿಗೂ ತಿಳಿಯದು. ಬರೆಯುವ ಕನ್ನಡದಿಂದ ಮೈಸೂರಿನ ಕಡೆಯವರಿರಬೇಕು. ನಾನು ಕಾಕಡಾ ಎಂದು ಹೆಸರಿಟ್ಟುಕೊಂಡು, ವಿನಯದಿಂದ ನಾಲ್ಕು ಸಾಲು ಬರೆದು, ಫೋಟೋ ಹಚ್ಚಿದೆ. ಫೋರಂ ಒಲ್ಲೆ ಎಂದಿತು. ಚಿತ್ರ ಅರ್ಧ ಎಂಬಿ ಮೀರಬಾರದಂತೆ. ನನ್ನದು ಐದು. ಮತ್ತೆ ಹಚ್ಚಿದೆ, ಮತ್ತೆ ಒಲ್ಲೆ ಎಂದಿತು. ಬಸ್ಸಿನ ಬಾಗಿಲಲ್ಲಿ ಗಂಟು ಹೊತ್ತುಕೊಂಡು ನಿಂತ ಮುದುಕಿಗೆ ಕಂಡಕ್ಟರು ಹೇಳುವಂತೆ, ಜಗಳವಿಲ್ಲ, ಸಿಟ್ಟಿಲ್ಲ, ಆದರೆ ಒಳಗೆ ಮಾತ್ರ ಬಿಡುವುದಿಲ್ಲ.

"ಏನ್ರೀ, ಇದು ತಗೋವಲ್ದು" ಎಂದೆ ನಮ್ಮವರಿಗೆ.

"ಗಿಡಾ ಭಾಳ ದೊಡ್ಡದ ಬೆಳೆಸೀದಿ" ಎಂದು ಪೇಪರು ಮಗುಚಿದರು.

ಮೊಬೈಲಿನಲ್ಲೇ ಹುಡುಕಿದಾಗ ಫೋಟೋ ಸಣ್ಣದು ಮಾಡುವ ಒಂದು ಆಪ್ ಸಿಕ್ಕಿತು. ಅದರಲ್ಲಿ ಎರಡು ಚೌಕ, ಒಂದು ಅಗಲಕ್ಕೆ, ಇನ್ನೊಂದು ಎತ್ತರಕ್ಕೆ. ಎರಡರ ನಡುವೆ ಸಣ್ಣದೊಂದು ಬೀಗದ ಚಿತ್ರ. ಮಂದಿಯ ಬೀಗ ಮುಟ್ಟಬಾರದೆಂದು ಕಲಿತು ಬೆಳೆದವಳು ನಾನು. ಆ ದಿನ ಯಾಕೋ ಮುಟ್ಟಿದೆ, ಬೀಗ ತೆರೆದುಕೊಂಡಿತು. ಎರಡೂ ಚೌಕದಲ್ಲಿ ಒಂದೇ ಸಂಖ್ಯೆ ಬರೆದೆ, ಅಂದವಾಗಿ ಕಾಣಲೆಂದು. ಫೋಟೋ ಸಣ್ಣದಾಯಿತು, ಫೋರಂ ಒಳಗೆ ಬಿಟ್ಟುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಉತ್ತರಗಳೂ ಬಂದವು. "ನಿಮ್ಮ ಬೋನ್ಸಾಯ್ ತುಂಬಾ ಚೆನ್ನಾಗಿದೆ. ಎಷ್ಟು ವರ್ಷದ್ದು?" ಇನ್ನೊಬ್ಬರು ಬೇರು ಕತ್ತರಿಸುವ ವಿಧಾನ ಕೇಳಿದ್ದರು. ತೆಗೆದು ನೋಡಿದರೆ, ನನ್ನ ಎದೆಯೆತ್ತರದ ಗಿಡ ಯಾರೋ ಅದರ ತಲೆಯ ಮೇಲೆ ಕುಳಿತು ಎದ್ದಂತೆ ಕುಳ್ಳಗಾಗಿ, ಪಾಟು ರೊಟ್ಟಿಯ ಹಂಚಿನಂತೆ ಅಗಲವಾಗಿತ್ತು.

ಬೀಗದ ಮರ್ಮ ಆಗ ತಿಳಿಯಿತು. ಅದು ಮುಚ್ಚಿದ್ದರೆ ಅಗಲ ಕಡಿಮೆಯಾದಷ್ಟೇ ಎತ್ತರವೂ ಕಡಿಮೆಯಾಗುತ್ತದೆ, ರೂಪ ಕೆಡುವುದಿಲ್ಲ. ತೆರೆದಿದ್ದರೆ ಯಾರನ್ನು ಹೇಗೆ ಬೇಕಾದರೂ ಹಿಂಡಬಹುದು. ಪರೀಕ್ಷೆಗೆಂದು ನಮ್ಮ ಮದುವೆಯ ಫೋಟೋವನ್ನೇ ಹಿಂಡಿ ನೋಡಿದೆ. ನಮ್ಮವರ ಕಡೆಯವರೆಲ್ಲ ದುಂಡಗಾದರು; ನನ್ನ ಕಡೆಯವರು ಮೊದಲೇ ದುಂಡಗಿದ್ದುದರಿಂದ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಈ ಬೀಗವನ್ನು ಮನುಷ್ಯರ ಬಾಯಿಗೂ ಇಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ನಾವು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಸಣ್ಣದು ಮಾಡಿಯೇ ಮುಟ್ಟಿಸುತ್ತೇವೆ, ಆದರೆ ಬೀಗ ತೆರೆದಿರುತ್ತದೆ. ಹೇಳಿದ್ದು ಇಷ್ಟುದ್ದವಿದ್ದರೆ ಮುಟ್ಟುವುದು ಇಷ್ಟಗಲ.

ಎರಡನೆಯ ಸಲ ಬೀಗ ಮುಟ್ಟಲಿಲ್ಲ. ಆದರೆ ಮತ್ತೆ ಬಾಗಿಲಲ್ಲಿ ನಿಲ್ಲಿಸಿಯಾರೆಂಬ ಹೆದರಿಕೆಗೆ ಸಣ್ಣದು ಮಾಡುತ್ತ ಮಾಡುತ್ತ ಅಂಚೆಚೀಟಿಯಷ್ಟು ಮಾಡಿಬಿಟ್ಟೆ. ಅದಕ್ಕೆ ಬಂದ ಉತ್ತರ ಇನ್ನೂ ಸೊಗಸು. "ಗಿಡ ಆರೋಗ್ಯವಾಗಿದೆ, ಎಲೆಗಳು ಹಸಿರಾಗಿವೆ. ಸುಮ್ಮನೆ ಗಾಬರಿಯಾಗಬೇಡಿ." ನಾನೂ ಕಣ್ಣು ಹತ್ತಿರ ಹಿಡಿದು ನೋಡಿದೆ. ಖರೆ ಹೇಳುತ್ತೇನೆ, ಆ ಸಣ್ಣ ಚಿತ್ರದಲ್ಲಿ ರೋಗವೇ ಇರಲಿಲ್ಲ. ಕಂದು ಅಂಚುಗಳೆಲ್ಲ ಹಸಿರಿನೊಳಗೆ ಕರಗಿಹೋಗಿದ್ದವು. ಗೊಬ್ಬರ, ಬೇವಿನ ಎಣ್ಣೆ, ಮೆಣಸಿನಕಾಯಿ ಯಾವುದರಿಂದಲೂ ಆಗದ ಗುಣ, ಫೋಟೋ ಸಣ್ಣದು ಮಾಡಿದ್ದರಿಂದ ಆಗಿತ್ತು.

ಆ ಸಂಜೆ ಅವ್ವ ಫೋನು ಮಾಡಿ ಕೇಳಿದಳು. "ಹೂ ಬಿಟ್ಟಾವೇನ?"

"ಇನ್ನ ಟೈಮ್ ಐತೆವ್ವ. ಗಿಡಾ ಛಲೋ ಐತಿ" ಎಂದೆ. ಫೋನಿಟ್ಟ ಮೇಲೆ ಹೊಳೆಯಿತು, ನಾನು ಅವ್ವನಿಗೆ ಕಳಿಸಿದ್ದೂ ಅಂಚೆಚೀಟಿಯೇ.

ಹಾಗೆಂದು ಸಣ್ಣದು ಮಾಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಸಣ್ಣದು ಮಾಡದೆ ಸಂಸಾರ ನಡೆಯುವುದಿಲ್ಲ. ನಮ್ಮವರ ಬುತ್ತಿಯನ್ನೇ ನೋಡಿ. ಜೋಳದ ರೊಟ್ಟಿ ಹಂಚಿನಷ್ಟು ಅಗಲ, ಡಬ್ಬಿ ಅಂಗೈಯಗಲ. ಬಿಸಿ ಮೆತ್ತನ ರೊಟ್ಟಿಯಾದರೆ ನಾಲ್ಕು ಮಡಿಕೆ ಮಾಡಿದರೆ ಕೂಡುತ್ತದೆ. ಬಿಚ್ಚಿದರೆ ಮತ್ತೆ ಹಂಚಿನಷ್ಟೇ. ಕಟಕ್ ರೊಟ್ಟಿಯಾದರೆ ಮಡಚಲು ಬರುವುದಿಲ್ಲ, ಮುರಿಯಬೇಕು. ಮುರಿದದ್ದನ್ನು ಯಾರೂ ಮತ್ತೆ ರೊಟ್ಟಿ ಮಾಡಲಾರರು. ಸಣ್ಣದಾಗುವುದರಲ್ಲೂ ಈ ಎರಡು ಜಾತಿಗಳಿವೆ ಎಂಬುದು ಇಷ್ಟು ವರ್ಷ ಬುತ್ತಿ ಕಟ್ಟಿದರೂ ನನಗೆ ಹೊಳೆದಿರಲಿಲ್ಲ.

ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಸಾರಾಂಶ ಬರೆಸುತ್ತಿದ್ದರು. ಉದ್ದನೆಯ ಒಂದು ಪ್ಯಾರಾ ಕೊಟ್ಟು ಅದನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಬೇಕು. ನಾನು ಮೊದಲ ಮೂರರಲ್ಲಿ ಒಂದು ಪಾಲನ್ನು ದುಂಡಗಿನ ಅಕ್ಷರದಲ್ಲಿ ಇಳಿಸಿಕೊಂಡು ಪೂರ್ಣವಿರಾಮ ಹಾಕಿ ಕೊಟ್ಟೆ. ಸಿಸ್ಟರ್ ಕನ್ನಡಕ ಮೂಗಿನ ತುದಿಗೆ ಜಾರಿಸಿ, ಇದು ಸಾರಾಂಶವಲ್ಲ ಮಗು, ಇದು ಕ್ಷೌರ ಎಂದರು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮಾತು ಕಡಿಮೆಯಾಗಲಿ, ಮಾತಾಡಿದವನು ಕಡಿಮೆಯಾಗಬಾರದು ಎಂದು ಅವರು ಆಗ ಹೇಳಿದ್ದು ಮಾತ್ರ ನಗುವಿನ ಗದ್ದಲದಲ್ಲಿ ಅರ್ಧವೇ ಕೇಳಿತ್ತು. ಉಳಿದರ್ಧ ಕೇಳಿಸಿದ್ದು ಹೋದ ವರ್ಷದ ಮಳೆಗಾಲದಲ್ಲಿ.

ಯಾಕೆಂದರೆ ಮೂರನೆಯ ಸಲ ನಾನು ಮತ್ತೆ ಕ್ಷೌರವನ್ನೇ ಮಾಡಿದೆ. ಇಡೀ ಚಿತ್ರ ಕುಗ್ಗಿಸಿದರೆ ರೋಗ ಕಾಣುವುದಿಲ್ಲ. ಹಾಗಾದರೆ ಬೇಡದ್ದನ್ನು ಕತ್ತರಿಸಿ ಬೇಕಾದ್ದನ್ನಷ್ಟೇ ಕಳಿಸಿದರಾಯಿತು ಎಂದು ಯೋಚಿಸಿದೆ. ಯೋಚನೆ ಸರಿಯೇ. ಬೇಡದ್ದು ಯಾವುದೆಂದು ಆರಿಸುವಾಗ ಮಾತ್ರ ನನ್ನೊಳಗಿನ ಗೃಹಿಣಿ ಕತ್ತರಿ ಕಸಿದುಕೊಂಡಳು. ಫೋಟೋದ ಎಡಕ್ಕೆ ಹಗ್ಗದ ಮೇಲೆ ನಮ್ಮವರ ಬನಿಯನ್ ತೂತು ತೋರಿಸಿಕೊಂಡು ನೇತಾಡುತ್ತಿತ್ತು. ಅದು ಊರೂರಿನವರ ಮುಂದೆ ಹೋಗಬಾರದು, ಕತ್ತರಿ. ಹಿಂದೆ ನೀರಿನ ಡ್ರಮ್ಮುಗಳು, ಕತ್ತರಿ. ಬಲಕ್ಕೆ ಒಗೆಯುವ ಕಲ್ಲು, ಕಲ್ಲಿನ ಮೇಲೆ ತೊಳೆದು ಬೋರಲು ಹಾಕಿದ ಪಾತ್ರೆ ಪಡಗ, ಕತ್ತರಿ. ಕೆಳಗೆ ಪಾಟಿನ ಬಾಯಿ ಸಿಡಿದಿತ್ತು, ಅದಕ್ಕೂ ಕತ್ತರಿ. ಕೊನೆಗೆ ಉಳಿದದ್ದು ಎರಡು ಎಲೆ, ಸ್ವಚ್ಛ ಹಿನ್ನೆಲೆ. ಮದುವೆಗೆ ತೋರಿಸುವ ಫೋಟೋದಂತೆ.

ಈ ಸಲ ಎರೆಹುಳು ಅವರೇ ಬಂದರು. "ಅಂಚು ಸುಟ್ಟಿರೋದು ಸ್ಪಷ್ಟವಾಗಿ ಕಾಣ್ತಿದೆ. ಉಪ್ಪು ಜಾಸ್ತಿಯಾದಾಗ ಹೀಗಾಗುತ್ತೆ. ಬೋರ್‌ವೆಲ್ ನೀರು ಹಾಕ್ತೀರಾ?"

ಇಲ್ಲ ಎಂದು ಬರೆದೆ. ನಲ್ಲಿಯ ನೀರು, ತನಗೆ ಮನಸ್ಸಾದ ದಿನ ಬರುತ್ತದೆ, ಬಂದಾಗ ಡ್ರಮ್ಮಿನಲ್ಲಿ ಹಿಡಿದಿಡುತ್ತೇವೆ, ಸಿಹಿನೀರು.

"ಹಾಗಾದರೆ ಉಪ್ಪು ಬೇರೆಲ್ಲಿಂದಲೋ ಬರ್ತಿದೆ. ನೀವು ಕತ್ತರಿಸಿ ಹಾಕಿದ್ದೀರಿ, ದಯವಿಟ್ಟು ಕತ್ತರಿಸಿದ್ದನ್ನೂ ತೋರಿಸಿ. ಒಂದು ಚಿತ್ರ ದೂರದಿಂದ, ಗಿಡ ಇರೋ ಜಾಗ ಪೂರ್ತಿ ಕಾಣೋ ಹಾಗೆ. ಇನ್ನೊಂದು ಹತ್ತಿರದಿಂದ, ಪಾಟಿನ ಮಣ್ಣಿನದು. ಎರಡನ್ನೂ ಹದವಾಗಿ ಸಣ್ಣದು ಮಾಡಿ ಹಾಕಿ."

ಬನಿಯನ್ನನ್ನು ಒಳಗೆ ತಂದೆ. ಉಳಿದದ್ದನ್ನು ಇದ್ದಲ್ಲೇ ಬಿಟ್ಟು ಎರಡು ಫೋಟೋ ತೆಗೆದೆ, ಬೀಗ ಮುಚ್ಚಿ, ಅಂಚೆಚೀಟಿಯೂ ಆಗದಂತೆ ಗೋಡೆಯೂ ಆಗದಂತೆ ಅರ್ಧ ಎಂಬಿಯೊಳಗೆ ಕೂಡಿಸಿದೆ. ವಿದ್ಯೆ ಕೈಗೆ ಹತ್ತಿತೆಂದರೆ ಅವತ್ತೇ. ಮರುದಿನ ಬೆಳಿಗ್ಗೆ ಉತ್ತರವಿತ್ತು. "ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದೆ, ನೋಡಿ. ಒಂದು ಮಾತು ಕೇಳ್ತೀನಿ, ತಪ್ಪು ತಿಳಿಯಬೇಡಿ. ಪಕ್ಕದ ಕಲ್ಲಿನ ಮೇಲೆ ತಾಮ್ರದ ತಂಬಿಗೆಗಳು ಮಿರಿಮಿರಿ ಹೊಳೀತಿವೆ. ಅವನ್ನು ಯಾವುದರಿಂದ ತಿಕ್ಕುತ್ತೀರಿ? ಆ ನೀರು ಎಲ್ಲಿ ಹೋಗುತ್ತೆ?"

ಮೊಬೈಲು ಹಿಡಿದುಕೊಂಡು ಅಡುಗೆಮನೆಯ ಕಿಟಕಿಯಲ್ಲಿ ನಿಂತೆ. ಹಿತ್ತಲಲ್ಲಿ ಅತ್ತೆಯವರು ಮಣೆಯ ಮೇಲೆ ಕುಳಿತು ಆರತಿ ತಟ್ಟೆ ತಿಕ್ಕುತ್ತಿದ್ದರು. ದೇವರ ಪಾತ್ರೆಯನ್ನು ಅವರು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಹುಣಸೆಹಣ್ಣು, ಹರಳುಪ್ಪು, ತೆಂಗಿನ ನಾರು. ಅಂಗಡಿಯ ಪುಡಿ ತಂದುಕೊಟ್ಟರೆ, "ದೇವರಿಗೇನ ಪೌಡರ್ ಹಚ್ಚಿ ಮದವಿ ಮಾಡಬೇಕೇನ?" ಎನ್ನುತ್ತಾರೆ. ದೇವರ ಪಾತ್ರೆ ತೊಳೆದ ನೀರು ಮೋರಿಗೆ ಹೋಗಬಾರದು, ಯಾರ ಕಾಲಿಗೂ ಸಿಗಬಾರದು. ಗಿಡದ ಬುಡಕ್ಕೆ ಹಾಕಬೇಕು. ನಮ್ಮಲ್ಲಿ ಮೊದಲಿನಿಂದ ನಡೆದುಬಂದದ್ದು. ನಾನು ಮದುವೆಯಾಗಿ ಬಂದಾಗಿನಿಂದ ನೋಡುತ್ತಿರುವುದು, ಅದಕ್ಕೇ ಕಂಡಿರಲಿಲ್ಲ. ಅವರು ತಟ್ಟೆ ತೊಳೆದರು, ಬೋಗುಣಿಯ ನೀರನ್ನು ಎರಡೂ ಕೈಯಿಂದ ಎತ್ತಿ, ಒಂದು ಹನಿ ಹೊರಗೆ ಚೆಲ್ಲದಂತೆ, ಅವ್ವನ ಕಾಕಡಾದ ಬುಡಕ್ಕೆ ಸುರಿದರು. ಸುರಿದು ಕೈ ಮುಗಿದರು.

ಈಗ ಇದನ್ನು ಹೇಗೆ ಹೇಳುವುದು?

ಪೂರ್ತಿ ಅಳತೆಯಲ್ಲಿ ಹೇಳಿದರೆ ಹೀಗಾಗುತ್ತದೆ: ಅತ್ತೀ, ನಮ್ಮವ್ವ ಕೊಟ್ಟ ಗಿಡವನ್ನು ನಿಮ್ಮ ದೇವರ ನೀರು ಕೊಲ್ಲುತ್ತಿದೆ. ಇದು ಐದು ಎಂಬಿ. ಯಾವ ಮನೆಯಲ್ಲೂ ಒಳಗೆ ಹೋಗುವುದಿಲ್ಲ, ಬಾಗಿಲಲ್ಲೇ ನಿಂತು ಉರಿಯುತ್ತದೆ. ಏನೂ ಹೇಳದೆ ಪಾಟನ್ನು ಮೆಲ್ಲಗೆ ಬೇರೆ ಕಡೆ ಇಡಬಹುದಿತ್ತು. ಅದು ಅಂಚೆಚೀಟಿ, ಅತ್ತೆಯವರು ಎರಡು ಹೆಜ್ಜೆ ಹೆಚ್ಚು ನಡೆದು ಅಲ್ಲಿಗೂ ಸುರಿಯುತ್ತಿದ್ದರು. ನಮ್ಮವರಿಗೆ ಹೇಳಿದೆ. "ಅದ್ರಾಗೇನೈತಿ, ನಾ ಹೇಳ್ತೇನಿ" ಎಂದು ಅಲ್ಲಿಂದಲೇ ತಾಯಿಯನ್ನು ಕೂಗಲು ಬಾಯಿ ತೆರೆದರು. ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಅವರ ಬೀಗ ಯಾವಾಗಲೂ ತೆರೆದೇ ಇರುತ್ತದೆ.

ಮುಂದಿನ ಶುಕ್ರವಾರ ಅತ್ತೆಯವರು ಪಾತ್ರೆ ಹರವಿಕೊಂಡು ಕುಳಿತಾಗ ನಾನೂ ಒಂದು ಮಣೆ ಹಾಕಿಕೊಂಡು ಎದುರಿಗೆ ಕುಳಿತೆ. ಅವರಿಗೆ ಒಂದು ಕಣ್ಣಿನ ಪೊರೆ ಸತ್ತೂರಿನ ಆಸ್ಪತ್ರೆಯಲ್ಲಿ ತೆಗೆಸಿದ್ದೇವೆ, ಇನ್ನೊಂದು ಬಾಕಿ ಇದೆ. ಎಲೆಯ ಅಂಚು ಅವರಿಗೆ ಕಾಣುವಂಥದ್ದಲ್ಲ. ಮೊಬೈಲು ಮುಂದೆ ಹಿಡಿದೆ. ಆಡಬೇಕಾದ ಮಾತನ್ನು ವಾರವಿಡೀ ಮನಸ್ಸಿನಲ್ಲಿ ಕುಗ್ಗಿಸಿ ಕುಗ್ಗಿಸಿ ಒಂದೇ ಸಾಲಿಗೆ ತಂದಿಟ್ಟುಕೊಂಡಿದ್ದೆ.

"ಅತ್ತೀ, ಇಲ್ಲೊಂದೀಟ ನೋಡ್ರಿ."

"ಯಾರ ಮದವೀದು?"

"ನಮ್ಮ ಕಾಕಡಾರಿ."

"ಅಯ್ಯ, ಗಿಡಾ ಇಲ್ಲೇ ಬಾಜೂಕ ಕುಂತೈತಿ. ಅದರ ಫೋಟೋ ಯಾಕ ನೋಡ್ಲಿ?"

"ಇದರಾಗ ದೊಡ್ಡದ ಮಾಡಿ ನೋಡಾಕ ಬರತೈತ್ರಿ."

ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಬೈಲು ಇಸಿದುಕೊಂಡರು. ದೊಡ್ಡದು ಮಾಡುವುದನ್ನು ನಾನು ಕಲಿಸಬೇಕಾಗಿರಲಿಲ್ಲ. ಮದುವೆಯ ಫೋಟೋಗಳಲ್ಲಿ ಬೀಗರ ಕೊರಳಿನ ಬೋರಮಾಳ ಸರವನ್ನು ದೊಡ್ಡದು ಮಾಡಿ ನೋಡಿ ಅವರ ಬೆರಳು ಪಳಗಿದೆ. ಎರಡು ಬೆರಳಿನಿಂದ ಎಲೆಯನ್ನು ಹಿಗ್ಗಿಸಿದರು. "ತುದಿ ಎಲ್ಲಾ ಸುಟ್ಟಾವಲ್ಲ ಶೈಲಾ." ಬೆರಳು ಕೆಳಗೆ ಸರಿಯಿತು. "ಇದೇನ ಇದು, ಮಣ್ಣಿನ ಮ್ಯಾಲೆ ಬೆಳ್ಳಗ?"

ಆಗ ನನ್ನ ಸಾಲನ್ನು ಆಡಿದೆ. "ಕಾಕಡಾಕ್ಕ ಉಪ್ಪು ಆಗಿಬರಂಗಿಲ್ಲಂತರಿ."

ಅವರು ಮೊಬೈಲು ನೋಡಿದರು, ಕೈಯಲ್ಲಿದ್ದ ಹುಣಸೆಹಣ್ಣಿನ ಉಂಡೆ ನೋಡಿದರು, ಪಾಟು ನೋಡಿದರು. ತಗಡಿನ ಮೇಲೆ ಜಿಟಿಜಿಟಿ ಮಳೆಯ ಸದ್ದು. ಆ ಚಪ್ಪರವಿದ್ದುದರಿಂದಲೇ ಮಳೆ ಪಾಟಿಗೆ ಬಿದ್ದು ಉಪ್ಪು ತೊಳೆದುಹೋಗಿರಲಿಲ್ಲ.

"ಹಂಗಾರ ನಾನ ಹಾಕಿದ್ದು" ಎಂದರು.

ನಾನು ದೇವರ ಗಂಟೆ ತಿಕ್ಕುತ್ತ ಕುಳಿತೆ. ಅದು ಟಣ್ ಎಂದಿತು, ಹೊತ್ತಲ್ಲದ ಹೊತ್ತಿನಲ್ಲಿ.

"ತೆಂಗಿನ ಗಿಡಾ ಇದ್ದಾಗ ಅದರ ಬುಡಕ್ಕ ಹಾಕ್ತಿದ್ದೆ. ಉಪ್ಪ ಅಂದ್ರ ಅದಕ್ಕ ಹಬ್ಬ. ಕರೆಂಟಿನ ವಾಯರ್‌ಗೆ ತಾಗತೈತಿ ಅಂತ ಅದನ್ನ ಕಡಿಸಿದ್ರಿ. ಮತ್ತ ಎಲ್ಲೆ ಹಾಕ್ಲಿ? ನಿಮ್ಮವ್ವ ತೊಡಿ ಮ್ಯಾಲೆ ಇಟಗೊಂಡ ತಂದ ಗಿಡಾ, ನಿನ್ನ ತವರಮನೀದು. ದೇವ್ರ ನೀರ ಬ್ಯಾರೆ ಯಾವದಕ್ಕರೆ ಯಾಕ ಹಾಕೂದು, ಇದಕ್ಕ ಸಲ್ಲಲಿ ಅಂತ ಹಾಕೀನಿ."

ಎಷ್ಟು ಎಂಬಿಯ ಫೋಟೋ ತೆಗೆದಿದ್ದರೂ ಇದು ಅದರಲ್ಲಿ ಬರುತ್ತಿರಲಿಲ್ಲ. ಇಷ್ಟು ದಿನ ಕಂದು ಅಂಚನ್ನು, ಬಿಳಿ ಪದರವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದವಳಿಗೆ, ಹಿತ್ತಲಲ್ಲಿ ಬಾಳೆ, ದಾಸವಾಳ, ಕರಿಬೇವು ಇದ್ದರೂ ಬೋಗುಣಿ ಅದೊಂದೇ ಪಾಟಿನ ಕಡೆಗೆ ಯಾಕೆ ಹೋಗುತ್ತಿತ್ತು ಎಂದು ಕೇಳಬೇಕೆಂದೇ ಹೊಳೆದಿರಲಿಲ್ಲ.

"ನಿಮ್ಮವ್ವಗ ಹೇಳೀಯೇನ?"

"ಇಲ್ರಿ."

"ಮೊದಲ ಬದಕಲಿ. ಆಮ್ಯಾಲೆ ನೋಡೂಣಂತ."

ಅಂದೇ ಮಧ್ಯಾಹ್ನ ನಾವಿಬ್ಬರೂ ಸೇರಿ ಪಾಟನ್ನು ಚಪ್ಪರದ ಹೊರಗೆ, ಬಯಲು ಮಳೆಗೆ ಎಳೆದೆವು. ನಾನು ಎಳೆದೆ, ಅವರು ಹೇಗೆ ಎಳೆಯಬೇಕೆಂದು ಹೇಳಿದರು. ಮೇಲಿನ ಬಿಳಿ ಮಣ್ಣು ಕೆರೆದು ತೆಗೆದು, ತಳದ ತೂತು ಬಿಡಿಸಿ, ನೀರು ಸೋಸಿಹೋಗುವಂತೆ ಮಾಡಿದ್ದು ಎರೆಹುಳು ಅವರ ಸಲಹೆ. ಪಾತ್ರೆಯ ನೀರಿಗೆ ದಾರಿ ಹುಡುಕಿದ್ದು ಅತ್ತೆಯವರೇ. ಪಕ್ಕದ ಮನೆಯವರ ತೆಂಗಿನ ಮರ ನಮ್ಮ ಗೋಡೆಗೆ ಒರಗಿಕೊಂಡೇ ಬೆಳೆದಿದೆ; ಅದರ ಕಾಯಿ ನಮ್ಮ ಕಡೆ ಬೀಳುವುದರ ಬಗ್ಗೆ ಎರಡೂ ಮನೆಗಳಲ್ಲಿ ಹಿಂದೆ ಸಾಕಷ್ಟು ಮಾತಾಗಿತ್ತು. ಈಗ ಅತ್ತೆಯವರು ಗೋಡೆಯಾಚೆ ಬಗ್ಗಿ, "ನಿಮ್ಮ ಗಿಡಕ್ಕ ದೇವ್ರ ನೀರ ಹಾಕ್ತೇನ್ರಿ, ಬ್ಯಾಡ ಅನಬ್ಯಾಡ್ರಿ" ಎಂದರು. ದೇವರ ನೀರನ್ನು ಬೇಡ ಎನ್ನುವವರು ಯಾರಿದ್ದಾರೆ? ಹುಣಸೆ ಉಪ್ಪಿನ ಮೊದಲ ನೀರು ಗೋಡೆ ದಾಟತೊಡಗಿತು. ಕೊನೆಯ ಸಲ ಜಾಲಿಸಿದ ತಿಳಿನೀರನ್ನು ಮಾತ್ರ ಅತ್ತೆಯವರು ಬೇರೆ ತಂಬಿಗೆಯಲ್ಲಿ ಹಿಡಿದು ಕಾಕಡಾಕ್ಕೇ ಹಾಕುತ್ತಾರೆ. ದೇವರ ನೀರು ತವರುಮನೆಯ ಗಿಡಕ್ಕೆ ಸಲ್ಲುವುದು ತಪ್ಪಲಿಲ್ಲ, ಹದವಾದ ಅಳತೆಯಲ್ಲಿ ಸಲ್ಲುತ್ತಿದೆ, ಅಷ್ಟೆ.

ನವರಾತ್ರಿಯ ಹೊತ್ತಿಗೆ ಗಿಡ ಚಿಗುರಿ ಮೊಗ್ಗು ಹಿಡಿಯಿತು. ಮೊದಲು ಅರಳಿದ ಹೂಗಳು ಒಂದು ಬೊಗಸೆಯೂ ಆಗಲಿಲ್ಲ. ಅತ್ತೆಯವರು ಕೀಳಲು ಬಿಡಲಿಲ್ಲ. "ಮೊದಲ ಫೋಟೋ ತಗಿ. ಮತ್ತ ಇದನ್ನ ಸಣ್ಣದ ಮಾಡಬ್ಯಾಡ. ಹೆಂಗ ಐತಿ ಹಂಗ ಕಳಸ ನಿಮ್ಮವ್ವಗ." ಕಳಿಸಿದೆ. ಐದು ಎಂಬಿ. ಮೊಬೈಲಿನ ಮೇಲೆ ಸಣ್ಣ ಚಕ್ರ ಬಹಳ ಹೊತ್ತು ತಿರುಗಿತು. ಅತ್ತೆಯವರು ಪಕ್ಕದಲ್ಲೇ ನಿಂತು ಅದನ್ನೇ ನೋಡುತ್ತಿದ್ದರು, ಬಸ್ಸು ಹತ್ತಿಸಲು ಬಂದವರು ಬಸ್ಸು ಹೊರಡುವ ತನಕ ನಿಲ್ಲುವಂತೆ.

ಅವ್ವನ ಫೋನು ಬಂತು, ಅತ್ತೆಯವರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಹೂವಿನ ಮಾತನ್ನೇ ಕಾಯುತ್ತಿದ್ದೆ.

"ಹೂ ಛಲೋ ಬಿಟ್ಟಾವ. ಅದಿರ್ಲಿ, ಹಿಂದ ಕಲ್ಲಿನ ಮ್ಯಾಲೆ ತಂಬಿಗಿ ಏನ ಹೊಳ್ಯಾಕತ್ತಾವ ಶೈಲಾ. ಯಾತರಲೆ ತಿಕ್ಕತಾರ ನಿಮ್ಮತ್ತಿ? ಕೇಳ ಒಂಚೂರ."

ನಾನು ಏನು ಹೇಳಲಿ, ಎಷ್ಟು ಹೇಳಲಿ, ಬೇಸಿಗೆಯಿಂದ ಶುರು ಮಾಡಲೋ ತೆಂಗಿನ ಮರದಿಂದ ಶುರು ಮಾಡಲೋ ಎಂದು ಅಳತೆ ಹಾಕುತ್ತಿರುವಾಗಲೇ, ಅತ್ತೆಯವರು ನನ್ನ ಕೈಯಲ್ಲಿದ್ದ ಫೋನಿನ ಕಡೆ ಬಗ್ಗಿದರು.

"ಹುಣಸಿಹಣ್ಣು, ಉಪ್ಪುರಿ ಬೀಗ್ತೀ. ಆದ್ರ ಆ ನೀರ ಕಾಕಡಾಕ್ಕ ಹಾಕಬ್ಯಾಡ್ರಿ. ನಾ ಬ್ಯಾಸಗಿಯಿಂದ ಹಾಕಿ ನೋಡೇನಿ."

ಆ ಕಡೆ ಅವ್ವ ನಗತೊಡಗಿದಳು. "ಅಲ್ರಿ, ಅದಕ್ಕ ನಿಮ್ಮ ಸೊಸಿ ದಿನಾ ಸಂಜಿಕ ‘ಗಿಡಾ ಛಲೋ ಐತಿ, ಗಿಡಾ ಛಲೋ ಐತಿ’ ಅಂತ ಜಪಾ ಮಾಡಾಕತ್ತಿದ್ಲು." ಇಬ್ಬರೂ ನನ್ನನ್ನು ಬಿಟ್ಟು ಮುಂದೆ ಮಾತಾಡಿಕೊಂಡರು. ಫೋನು ಹಿಡಿಯುವುದಷ್ಟೇ ನನ್ನ ಕೆಲಸವಾಯಿತು. ಹೇಳಲಾರದೆ ಮಳೆಗಾಲವಿಡೀ ಹೊತ್ತುಕೊಂಡು ತಿರುಗಿದ್ದೆಲ್ಲ ಅತ್ತೆಯವರ ಆ ಮಾತಿನೊಳಗೆ ಕೂತಿತ್ತು. ಏನೂ ಕತ್ತರಿಸಿರಲಿಲ್ಲ, ಯಾರ ಮೂಗೂ ಚಪ್ಪಟೆಯಾಗಿರಲಿಲ್ಲ.

ಈ ಬರಹದ ಮೊದಲ ಸಾಲಿನಲ್ಲಿ, ನಮ್ಮ ಮನೆಯಲ್ಲಿ ಇನ್ನಾರಿಗೂ ಬಾರದ ವಿದ್ಯೆ ಎಂದು ಬರೆದುಬಿಟ್ಟಿದ್ದೇನೆ. ಅದನ್ನು ತಿದ್ದಬೇಕು. ಫೋಟೋ ಸಣ್ಣದು ಮಾಡಿಸಿಕೊಳ್ಳುವವರು ಎಂದಿನಂತೆ ನಮ್ಮ ಗೇಟಿಗೆ ಬರಲಿ, ಮಾಡಿ ಕೊಡುತ್ತೇನೆ, ಚಹಾ ಕೂಡ ಕುಡಿಸುತ್ತೇನೆ. ಮಾತು ಸಣ್ಣದು ಮಾಡಿಸಿಕೊಳ್ಳುವವರು ನೇರ ಹಿತ್ತಲಿಗೆ ಹೋಗಬಹುದು. ಮಣೆಯ ಮೇಲೆ ಕುಳಿತಿರುತ್ತಾರೆ.